ಜೊತೆಗಾರನೊಡನೆ ಪರದೇಶ ಪಯಣ: ಸುಖವೆಷ್ಟು, ಕಷ್ಟವೆಷ್ಟು?

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಯಾರೊಡನೆ ಸುತ್ತಬೇಕು ಎಂಬುದನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ಕೋಶವನ್ನು ಒಬ್ಬನೇ ಕುಳಿತು ಓದಬಹುದು. ಆದರೆ ಭಾಷೆ ಬಾರದ, ಗುರುತಿನವರಿಲ್ಲದ, ಊಟದ ಪದ್ಧತಿಯೇ ಬೇರೆಯಾದ ನಾಡಿನಲ್ಲಿ ಒಬ್ಬನೇ ತಿರುಗುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಆದುದರಿಂದಲೇ ಪಯಣಿಗನು ಜೊತೆಗಾರನನ್ನು ಹುಡುಕುತ್ತಾನೆ. ಆ ಜೊತೆಯೇ ಅವನ ಪಯಣದ ಸುಖಕ್ಕೂ ಕಷ್ಟಕ್ಕೂ ಮೂಲವಾಗುತ್ತದೆ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಬಗೆಯ ಬೇಡಿಕೆ ಕೇಳಿಬರುತ್ತಿದೆ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿ ಹಿಡಿದ ಮಗ ಹಬ್ಬಕ್ಕೆಂದು ಊರಿಗೆ ಬಂದವನು, ಗೆಳೆಯನೊಬ್ಬನೊಡನೆ ಬೆನ್ನಿಗೆ ಚೀಲ ಹಾಕಿಕೊಂಡು ತಿಂಗಳ ಮಟ್ಟಿಗೆ ಪರದೇಶ ತಿರುಗಿ ಬರುವೆನೆನ್ನುತ್ತಾನೆ. ಮಗಳೂ ಹೀಗೆಯೇ ಗೆಳತಿಯ ಹೆಸರು ಹೇಳಿ ಅಪ್ಪಣೆ ಕೇಳುತ್ತಾಳೆ. ಆಗ ತಾಯಿಯ ಮೊದಲ ಪ್ರಶ್ನೆ, "ಅಲ್ಲಿ ಉಣ್ಣಾಕ ಏನ್ ಸಿಗತೈತಿ?" ಎಂಬುದು. ತಂದೆಯ ಪ್ರಶ್ನೆ, "ರೊಕ್ಕ ಎಷ್ಟ ಬೇಕಾಗತೈತಿ?" ಎಂಬುದು. ಮನೆಯಲ್ಲಿ ವಯೋವೃದ್ಧರಿದ್ದರೆ ಅವರು, "ಜೋಡಿ ಯಾರ ಬರತಾರ?" ಎಂದು ಕೇಳುತ್ತಾರೆ. ಮೂರೂ ಯೋಗ್ಯವಾದ ಪ್ರಶ್ನೆಗಳೇ. ಆದರೆ ಮೂರನೆಯದೇ ಎಲ್ಲಕ್ಕಿಂತ ಭಾರವಾದದ್ದೆಂದು ನಮಗೆ ತೋರುತ್ತದೆ. ಅದು ಏಕೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಊರು ಬಿಟ್ಟವರು ನಾವು

ನಮ್ಮ ಭಾಗದ ಜನ ಹೊಸ್ತಿಲು ದಾಟದವರೇನೂ ಅಲ್ಲ. ಕೈಗೆ ಕೆಲಸವಿಲ್ಲದ ಕಾಲದಲ್ಲಿ ರಬಕವಿ-ಬನಹಟ್ಟಿಯ ನೇಕಾರರು ಸೊಲ್ಲಾಪುರ, ಇಚಲಕರಂಜಿಗಳ ಮಗ್ಗಗಳನ್ನು ಹುಡುಕಿಕೊಂಡು ಹೋಗಿದ್ದಾರೆ. ಆಲಮಟ್ಟಿ ಜಲಾಶಯದ ಹಿನ್ನೀರು ಏರಿದಾಗ ಬೀಳಗಿ ತಾಲ್ಲೂಕಿನ ಎಷ್ಟೋ ಕುಟುಂಬಗಳು ತಲೆತಲಾಂತರದ ಮನೆ-ಹೊಲಗಳನ್ನು ಕೃಷ್ಣೆಗೆ ಒಪ್ಪಿಸಿ ಹೊಸ ನೆಲೆಗಳಿಗೆ ಹೋಗಿವೆ. ಹೊಟ್ಟೆಗಾಗಿ ಊರು ಬಿಟ್ಟವರು, ನೀರಿನ ದೆಸೆಯಿಂದ ಊರು ಬಿಟ್ಟವರು, ದೇವರ ದರ್ಶನಕ್ಕಾಗಿ ಊರು ಬಿಟ್ಟವರು ನಮ್ಮಲ್ಲಿ ಬೇಕಾದಷ್ಟು ಜನ. ಬರಿಯ ನೋಡುವುದಕ್ಕಾಗಿ ಊರು ಬಿಡುವುದು ಮಾತ್ರ ನಮಗೆ ಹೊಸದು.

ಮುಧೋಳದಿಂದ ಜೋಡಿಯಾಗಿ ಸಾಗರದಾಚೆಯ ಕೀರ್ತಿ ಗಳಿಸಿದವರಾರೆಂದು ಕೇಳಿದರೆ ನಗೆ ಬರುವಂತಹ ಉತ್ತರವೊಂದಿದೆ. ಮುಧೋಳ ಸಂಸ್ಥಾನದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಬ್ರಿಟನ್ನಿನ ದೊರೆ ಐದನೆಯ ಜಾರ್ಜನಿಗೆ ತಮ್ಮ ಬೇಟೆನಾಯಿಗಳ ಒಂದು ಜೋಡಿ ಮರಿಗಳನ್ನು ಕಾಣಿಕೆಯಾಗಿ ಕೊಟ್ಟರು. ಅಂದಿನಿಂದ ಮುಧೋಳದ ಹೆಸರು ಆ ನಾಯಿಗಳೊಡನೆ ಪರದೇಶಗಳಲ್ಲಿಯೂ ಪರಿಚಿತವಾಯಿತು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿಯನ್ನೂ ಹೊರಡಿಸಿತು.

ಬೆನ್ನಿಗೆ ಚೀಲ ಹೊತ್ತು ದೇಶ ನೋಡಬಂದ ಪರದೇಶದ ತರುಣ-ತರುಣಿಯರನ್ನು ನಾವು ಬಾದಾಮಿಯ ಬಸ್ ನಿಲ್ದಾಣದಲ್ಲಿಯೂ ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿಯೂ ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ಹಂಪಿ ೧೯೮೬ರಲ್ಲಿ, ಪಟ್ಟದಕಲ್ಲು ೧೯೮೭ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೆಚ್ಚಾಗಿ ಇಬ್ಬಿಬ್ಬರಾಗಿ ಬರುವ ಈ ಪ್ರವಾಸಿಗಳು ಒಂದೇ ಬಾಳೆಹಣ್ಣಿನ ಗೊನೆಯನ್ನು ಹಂಚಿಕೊಂಡು ತಿನ್ನುವುದನ್ನೂ, ಬಿಸಿಲಿನಲ್ಲಿ ನಕಾಶೆ ಹಿಡಿದು ಜಗಳವಾಡುವುದನ್ನೂ ಕಂಡವರು ನಮ್ಮಲ್ಲಿದ್ದಾರೆ. ಈಗ ನಮ್ಮ ಮಕ್ಕಳು ಅವರ ನಾಡುಗಳಲ್ಲಿ ಹಾಗೆಯೇ ನಿಲ್ಲುವ ಕಾಲ ಬಂದಿದೆ.

ಇಬ್ಬರು ಗೆಳೆಯರ ಲೋಕಸಂಚಾರ

ಇಬ್ಬರು ಗೆಳೆಯರು ಚೀಲ ಹೊತ್ತು ಪರದೇಶಗಳಲ್ಲಿ ನಡೆದ ಕಥೆಗಳಲ್ಲಿ ಬೆಂಗಳೂರಿನಲ್ಲಿ ಮೊಳಕೆಯೊಡೆದ ಒಂದು ಕಥೆ ಇಲ್ಲಿ ಸ್ಮರಣೀಯವಾಗಿದೆ. ೧೯೬೧ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ಲರು ಅಣ್ವಸ್ತ್ರ ವಿರೋಧಿ ಚಳವಳಿಗಾಗಿ ಒಂದು ವಾರ ಸೆರೆಮನೆ ಸೇರಿದರು. ಆಗ ಅವರ ವಯಸ್ಸು ೮೯. ಈ ಸುದ್ದಿಯನ್ನು ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ ಕುಳಿತು ಓದಿದ ಇಬ್ಬರು ತರುಣರ ಮನಸ್ಸು ಕಲಕಿತು. ಅವರಲ್ಲಿ ಒಬ್ಬರು ರಾಜಸ್ಥಾನದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಜೈನ ಮುನಿಯಾಗಿ, ಮುಂದೆ ಅದನ್ನು ಬಿಟ್ಟು ವಿನೋಬಾರ ಭೂದಾನ ಕಾರ್ಯಕ್ಕೆ ಸೇರಿದ್ದ ಸತೀಶ್ ಕುಮಾರ್. ಇನ್ನೊಬ್ಬರು ಕೇರಳ ಮೂಲದ, ಮುಂದೆ ಬೆಂಗಳೂರನ್ನೇ ತಮ್ಮ ನೆಲೆಯಾಗಿ ಮಾಡಿಕೊಂಡ ಇ. ಪಿ. ಮೆನನ್. ತೊಂಬತ್ತರ ಹೊಸ್ತಿಲಲ್ಲಿರುವ ಮುದುಕರು ಲೋಕದ ಶಾಂತಿಗಾಗಿ ಜೈಲಿಗೆ ಹೋಗುತ್ತಿರುವಾಗ ತರುಣರಾದ ತಾವು ಸುಮ್ಮನೆ ಕುಳಿತಿರುವುದು ಸರಿಯೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಅಣ್ವಸ್ತ್ರವುಳ್ಳ ನಾಲ್ಕು ದೇಶಗಳ ರಾಜಧಾನಿಗಳಾದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗಳಿಗೆ ನಡೆದೇ ಹೋಗುವುದೆಂದು ಇಬ್ಬರೂ ನಿಶ್ಚಯಿಸಿದರು.

ಹೊರಡುವ ಮುನ್ನ ಅವರು ವಿನೋಬಾರ ಆಶೀರ್ವಾದ ಬೇಡಿದರು. ವಿನೋಬಾ ಎರಡು ನಿಯಮಗಳನ್ನು ಕೊಟ್ಟು ಕಳಿಸಿದರು. ಹಣವನ್ನು ಮುಟ್ಟಬಾರದು, ಮಾಂಸಾಹಾರ ಮಾಡಬಾರದು ಎಂಬುವೇ ಆ ನಿಯಮಗಳು. ಕೈಯಲ್ಲಿ ಹಣವಿದ್ದರೆ ಪಯಣಿಗನು ದಣಿದು ಬಂದು ಹೋಟೆಲಿನಲ್ಲಿ ಉಂಡು ಮಲಗಿಬಿಡುತ್ತಾನೆ. ಹಣವಿಲ್ಲದಿದ್ದರೆ ಜನರ ಮನೆಯ ಬಾಗಿಲಿಗೆ ಹೋಗಲೇಬೇಕು, ಅವರೊಡನೆ ಮಾತನಾಡಲೇಬೇಕು ಎಂಬುದು ಮೊದಲನೆಯದರ ಮರ್ಮ. ಮಾಂಸವನ್ನು ಏಕೆ ತಿನ್ನುವುದಿಲ್ಲವೆಂದು ಜನ ಕೇಳಿದಾಗ ಅಹಿಂಸೆಯ ವಿಚಾರಕ್ಕೆ ತಾನಾಗಿಯೇ ದಾರಿಯಾಗುತ್ತದೆ ಎಂಬುದು ಎರಡನೆಯದರ ಮರ್ಮ.

೧೯೬೨ರ ಜೂನ್ ೧ರಂದು ದೆಹಲಿಯ ರಾಜಘಾಟದಿಂದ ಇಬ್ಬರೂ ಹೊರಟರು. ಪಾಕಿಸ್ತಾನದ ಗಡಿಯಲ್ಲಿ ಬೀಳ್ಕೊಡಲು ಬಂದವರು, ಶತ್ರುದೇಶದಲ್ಲಿ ಅನ್ನ ಸಿಕ್ಕೀತೋ ಇಲ್ಲವೋ ಎಂದು ಬುತ್ತಿ ಕಟ್ಟಿಕೊಟ್ಟರು. ಸತೀಶ್ ಕುಮಾರರು ಅದನ್ನು ಸ್ವೀಕರಿಸಲಿಲ್ಲ. ಅದು ಅನ್ನದ ಗಂಟಲ್ಲ, ಅವಿಶ್ವಾಸದ ಗಂಟು ಎಂದು ಅವರಿಗೆ ತೋರಿತು. ಗಡಿ ದಾಟಿ ಸ್ವಲ್ಪ ದೂರ ಹೋಗುವುದರೊಳಗಾಗಿ, ಇವರ ವಿಷಯವನ್ನು ಮೊದಲೇ ಕೇಳಿ ತಿಳಿದಿದ್ದ ಪಾಕಿಸ್ತಾನದ ಗೃಹಸ್ಥರೊಬ್ಬರು ಎದುರಾಗಿ ಆದರದಿಂದ ಬರಮಾಡಿಕೊಂಡರು.

ಮುಂದೆ ಅಫಘಾನಿಸ್ತಾನ, ಇರಾನ್‌ಗಳನ್ನು ಹಾದು ಅಂದಿನ ಸೋವಿಯತ್ ಒಕ್ಕೂಟವನ್ನು ಹೊಕ್ಕರು. ಕಪ್ಪು ಸಮುದ್ರದ ಸೀಮೆಯ ಚಹಾ ಕಾರ್ಖಾನೆಯೊಂದರ ಹೆಣ್ಣುಮಗಳೊಬ್ಬಳು ನಾಲ್ಕು ಚಹಾ ಪೊಟ್ಟಣಗಳನ್ನು ತಂದು ಅವರ ಕೈಯಲ್ಲಿಟ್ಟಳು. ನಾಲ್ಕು ರಾಜಧಾನಿಗಳ ನಾಯಕರಿಗೆ ಒಂದೊಂದು ಕೊಡಬೇಕು, ಅಣ್ವಸ್ತ್ರದ ಗುಂಡಿ ಒತ್ತುವ ಹುಚ್ಚು ಬುದ್ಧಿ ಬಂದಾಗ ಅವರು ಒಂದು ಕ್ಷಣ ನಿಂತು ಈ ಚಹಾ ಕಾಸಿ ಕುಡಿಯಬೇಕು ಎಂಬುದು ಅವಳ ಕೋರಿಕೆ. ಆ ಹಗುರವಾದ ಪೊಟ್ಟಣಗಳು ಅಂದಿನಿಂದ ಇಬ್ಬರ ಚೀಲದ ಅತ್ಯಂತ ಬೆಲೆಯುಳ್ಳ ವಸ್ತುಗಳಾದವು.

ಕಷ್ಟಗಳೇನು ಕಡಿಮೆಯಿರಲಿಲ್ಲ. ಅವರು ಪರದೇಶದಲ್ಲಿದ್ದಾಗಲೇ, ೧೯೬೨ರ ಅಕ್ಟೋಬರಿನಲ್ಲಿ, ಚೀನಾ ನಮ್ಮ ದೇಶದ ಮೇಲೆ ದಾಳಿ ಮಾಡಿತು. ಶಾಂತಿಯ ಮಾತನ್ನು ಹೊತ್ತು ಹೊರಟವರ ತಾಯ್ನಾಡಿನಲ್ಲಿಯೇ ಯುದ್ಧ! ಪ್ಯಾರಿಸ್ಸಿನಲ್ಲಿ ಅಧ್ಯಕ್ಷರ ಭವನದ ಮುಂದೆ ಪ್ರದರ್ಶನ ನಡೆಸಿ ಸೆರೆಮನೆಯನ್ನೂ ಕಂಡರು. ಅಲ್ಲಿಂದ ಇಂಗ್ಲೆಂಡಿಗೆ ಹೋಗಿ, ತಮಗೆ ಸ್ಫೂರ್ತಿಯಾಗಿದ್ದ ರಸೆಲ್ಲರನ್ನು ಭೇಟಿಯಾದರು. ಹಡಗಿನಲ್ಲಿ ಸಾಗರ ದಾಟಿ ಅಮೆರಿಕ ಸೇರಿ, ೧೯೬೪ರ ಜನವರಿಯಲ್ಲಿ ವಾಷಿಂಗ್ಟನ್ ಮುಟ್ಟುವಷ್ಟರಲ್ಲಿ ಅಧ್ಯಕ್ಷ ಕೆನಡಿ ಗುಂಡಿಗೆ ಬಲಿಯಾಗಿ ಎರಡು ತಿಂಗಳಾಗಿತ್ತು. ಗಾಂಧೀಜಿಯವರ ಸಮಾಧಿಯಿಂದ ಹೊರಟ ನಡಿಗೆ ಕೆನಡಿಯವರ ಸಮಾಧಿಯ ಬಳಿ ಮುಗಿಯಿತು. ಒಟ್ಟು ದೂರ ಸುಮಾರು ೮,೦೦೦ ಮೈಲಿ.

ಇಂದು ಈ ಪಯಣವನ್ನು ಹಾಗೆಯೇ ಅನುಕರಿಸುವುದು ಸಾಧ್ಯವಿಲ್ಲ. ಕೈಯಲ್ಲಿ ಹಣವಿರುವುದಕ್ಕೆ ದಾಖಲೆ ತೋರಿಸದೆ ಎಷ್ಟೋ ದೇಶಗಳು ವೀಸಾ ಕೊಡುವುದೇ ಇಲ್ಲ. ಆದರೆ ಈ ಕಥೆಯಲ್ಲಿ ಎಲ್ಲ ಕಾಲಕ್ಕೂ ಸಲ್ಲುವ ಒಂದು ಸಂಗತಿಯಿದೆ. ಆ ಇಬ್ಬರು ಪಾಲಿಸಿದ ನಿಯಮಗಳು ಹೊರಡುವ ಮೊದಲೇ ಸಿದ್ಧವಾಗಿದ್ದವು. ಅವು ಇಬ್ಬರಲ್ಲಿ ಯಾರೊಬ್ಬರ ಹಟದಿಂದಲೂ ಹುಟ್ಟಿದವುಗಳಾಗಿರಲಿಲ್ಲ, ಇಬ್ಬರೂ ಗೌರವಿಸುವ ಹಿರಿಯರಿಂದ ಬಂದಿದ್ದವು. ಹಸಿದ ರಾತ್ರಿಯಲ್ಲಿ 'ನೀನು ಹೇಳಿದ್ದರಿಂದ ಹೀಗಾಯಿತು' ಎಂದು ಒಬ್ಬರು ಇನ್ನೊಬ್ಬರನ್ನು ದೂರುವುದಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಊಟ ಸಿಗದ ದಿನವನ್ನು ಉಪವಾಸದ ದಿನವೆಂದೂ, ಸೂರು ಸಿಗದ ರಾತ್ರಿಯನ್ನು ನಕ್ಷತ್ರಗಳ ಕೆಳಗೆ ಮಲಗುವ ಭಾಗ್ಯವೆಂದೂ ಎಣಿಸುವ ಮನಸ್ಸು ಅವರಿಗೆ ಬಂದದ್ದು ಈ ಕಟ್ಟುಪಾಡಿನಿಂದಲೇ ಎಂದು ನಾವು ತಿಳಿಯುತ್ತೇವೆ.

ಇಬ್ಬರಲ್ಲಿ ಬಹುಮತವಿಲ್ಲ

ನಾಲ್ಕು ಜನರ ಮನೆಯಲ್ಲಿ ಜಗಳವಾದರೆ ಬಿಡಿಸುವವರಿರುತ್ತಾರೆ. ಇಬ್ಬರೇ ಇದ್ದಲ್ಲಿ ಬಹುಮತವೆಂಬುದಿಲ್ಲ, ಪಂಚರೆಂಬುವರಿಲ್ಲ. ಒಬ್ಬನು ಬಲಕ್ಕೆ, ಇನ್ನೊಬ್ಬನು ಎಡಕ್ಕೆ ಎಂದರೆ ದಾರಿ ನಿಂತುಹೋಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇಂತಹ ಜೋಡಿಯನ್ನು ಕಂಡೇ ಹುಟ್ಟಿರಬೇಕು. ನಮ್ಮ ರೈತರು ಜೋಡೆತ್ತು ಕೊಳ್ಳುವಾಗ ಬರಿಯ ಬಲವನ್ನು ನೋಡುವುದಿಲ್ಲ. ಎತ್ತರ, ನಡಿಗೆ, ಸ್ವಭಾವ ಹೊಂದುತ್ತವೆಯೇ ಎಂದು ನೋಡುತ್ತಾರೆ. ಒಂದೊಂದೂ ಉತ್ತಮವಾದ ಎರಡು ಎತ್ತುಗಳು ಒಂದೇ ನೊಗಕ್ಕೆ ಹೊಂದದೆ ಹೋಗಬಹುದು. ಗೆಳೆಯರ ವಿಷಯವೂ ಹಾಗೆಯೇ. ಊರಿನಲ್ಲಿ ದಿನಕ್ಕೆ ಎರಡು ತಾಸು ಕೂಡಿ ಕುಳಿತು ಹರಟುವ ಗೆಳೆತನ ಬೇರೆ, ಹಗಲು-ರಾತ್ರಿ ಒಂದೇ ಕೋಣೆಯಲ್ಲಿ ಒಂದೇ ಹಣದ ಚೀಲದಲ್ಲಿ ತಿಂಗಳು ಕಳೆಯುವ ಗೆಳೆತನ ಬೇರೆ.

ವಿರಸ ಹುಟ್ಟುವುದು ದೊಡ್ಡ ಕಾರಣಗಳಿಂದಲ್ಲ. ಒಬ್ಬನು ನಸುಕಿನಲ್ಲಿಯೇ ಎದ್ದು ಹೊರಡಬೇಕೆನ್ನುತ್ತಾನೆ, ಇನ್ನೊಬ್ಬನಿಗೆ ಒಂಬತ್ತಕ್ಕೆ ಬೆಳಗಾಗುತ್ತದೆ. ಒಬ್ಬನು ಪ್ರತಿ ನಾಣ್ಯವನ್ನೂ ರೂಪಾಯಿಗೆ ಪರಿವರ್ತಿಸಿ, ಒಂದು ಲೋಟ ಚಹಾಕ್ಕೆ ಇಷ್ಟೊಂದೇ ಎಂದು ನಿಟ್ಟುಸಿರು ಬಿಡುತ್ತಾನೆ; ಇನ್ನೊಬ್ಬನು ಜೀವಮಾನದಲ್ಲಿ ಒಮ್ಮೆ ಬಂದಿದ್ದೇವೆ ಎಂದು ಖರ್ಚು ಮಾಡುತ್ತಾನೆ. ಒಬ್ಬನು ದಾರಿ ತಪ್ಪಿದರೆ ಯಾರನ್ನಾದರೂ ಕೇಳೋಣವೆನ್ನುತ್ತಾನೆ, ಇನ್ನೊಬ್ಬನಿಗೆ ಕೇಳುವುದೇ ನಾಚಿಕೆ. ಇವೆಲ್ಲ ಅಕ್ಕಿಯೊಳಗಿನ ಹರಳುಗಳಿದ್ದಂತೆ. ಒಂದೊಂದೂ ಸಣ್ಣದು, ಆದರೆ ಪ್ರತಿ ತುತ್ತಿನಲ್ಲಿಯೂ ಹಲ್ಲಿಗೆ ಸಿಗುತ್ತದೆ.

ಜೀವಕ್ಕೇ ಸಂಚಕಾರ ಬರುವ ಸಂದರ್ಭಗಳೂ ಇವೆ. ನಮ್ಮ ಕೃಷ್ಣಾ-ಘಟಪ್ರಭೆಯರ ಸೀಮೆ ಸಮುದ್ರಮಟ್ಟದಿಂದ ಐದಾರು ನೂರು ಮೀಟರ್ ಎತ್ತರದಲ್ಲಿದೆ. ಇಲ್ಲಿ ಬೆಳೆದವರು ನೇಪಾಳದ ಹಿಮಾಲಯಕ್ಕೋ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಿಗೋ ಅವಸರದಲ್ಲಿ ಏರಿದರೆ, ಸುಮಾರು ೨,೫೦೦ ಮೀಟರ್ ದಾಟಿದ ಮೇಲೆ ಎತ್ತರದ ಬೇನೆ ಕಾಣಿಸಿಕೊಳ್ಳಬಹುದು. ತಲೆನೋವು, ವಾಕರಿಕೆ, ನಿದ್ರೆ ಬಾರದಿರುವುದು ಇದರ ಮೊದಲ ಲಕ್ಷಣಗಳು. ಆಗ ಏರುವುದನ್ನು ನಿಲ್ಲಿಸಬೇಕು. ಬೇನೆ ಹೆಚ್ಚಿದರೆ, ನಡಿಗೆ ತಡವರಿಸಿದರೆ, ಕುಳಿತಲ್ಲಿಯೂ ಉಸಿರು ಕಟ್ಟಿದರೆ ತಡಮಾಡದೆ ಕೆಳಗೆ ಇಳಿಯಬೇಕು. ಉಪೇಕ್ಷಿಸಿದರೆ ಮಿದುಳಿನಲ್ಲಿ ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣವೇ ಹೋಗಬಹುದು. ಒಬ್ಬನಿಗೆ ಬೇನೆ, ಇನ್ನೊಬ್ಬನು ಗಟ್ಟಿಮುಟ್ಟಾಗಿದ್ದಾನೆ. ಶಿಖರ ಒಂದೇ ದಿನದ ದಾರಿ, ಸಾವಿರಾರು ರೂಪಾಯಿ ಖರ್ಚಾಗಿದೆ. ಆಗ 'ನೀನು ಇಳಿದು ಹೋಗು, ನಾನು ನೋಡಿ ಬರುತ್ತೇನೆ' ಎನ್ನುವವನು ಜೊತೆಗಾರನಲ್ಲ. ಬೇನೆಯವನನ್ನು ಒಬ್ಬನನ್ನೇ ಇಳಿಯಗೊಡಬಾರದೆಂಬುದು ಪರ್ವತಗಳ ದಾರಿಯ ಮೂಲ ನಿಯಮ. ಅಜ್ಜನ ಪ್ರಶ್ನೆಯ ಬೆಲೆ ತಿಳಿಯುವುದು ಇಂತಹ ಹೊತ್ತಿನಲ್ಲಿ.

ಮಲ್ಲಯ್ಯನ ದಾರಿಯ ಪಾಠ

ಈ ಕಟ್ಟುಪಾಡನ್ನು ಕಲಿಯಲು ನಾವು ಹೊರಗಿನ ಗ್ರಂಥಗಳನ್ನು ಹುಡುಕಬೇಕಾಗಿಲ್ಲ. ಯುಗಾದಿಯ ಮುನ್ನ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳ್ಳಿಹಳ್ಳಿಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ನೂರಾರು ಕಿಲೋಮೀಟರ್ ದಾರಿ, ಸುಡುಬಿಸಿಲು, ತೆಲುಗು ನಾಡು, ಕೊನೆಗೆ ನಲ್ಲಮಲೆಯ ಕಾಡು, ಭೀಮನ ಕೊಳ್ಳದ ಏರು. ಹೆಗಲಿಗೆ ಚೀಲ, ಕಾಲಿಗೆ ಗುಳ್ಳೆ. ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಇಂದಿನ ಬೆನ್ನುಚೀಲದ ಪ್ರವಾಸದಲ್ಲಿರುವುದೆಲ್ಲವೂ ಅದರಲ್ಲಿದೆ, ಪಾಸ್‌ಪೋರ್ಟೊಂದನ್ನು ಬಿಟ್ಟು.

ಆ ಯಾತ್ರೆಯಲ್ಲಿ ಜಗಳಗಳು ಏಕೆ ಬೆಳೆಯುವುದಿಲ್ಲವೆಂದು ನೋಡಿದರೆ ಅಲ್ಲಿಯೂ ನಿಯಮವು ಎಲ್ಲರಿಗಿಂತ ದೊಡ್ಡದು. ಕಂಬಿ ಇಳಿದಲ್ಲಿ ಬೀಡು, ಕಂಬಿ ಎದ್ದಾಗ ನಡಿಗೆ. ಎಲ್ಲಿ ತಂಗಬೇಕು, ಯಾವಾಗ ಏಳಬೇಕು ಎಂಬ ವಾದಕ್ಕೆ ಎಡೆಯೇ ಇಲ್ಲ. ದಾರಿಯುದ್ದಕ್ಕೂ ಅಪರಿಚಿತರು ಊಟ, ಮಜ್ಜಿಗೆ, ನೀರು ಕೊಟ್ಟು, ದಣಿದವರ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಪಡೆಯುವುದಕ್ಕೂ ಒಂದು ವಿನಯ ಬೇಕೆಂಬುದನ್ನು ಯಾತ್ರಿಕನು ಅಲ್ಲಿ ಕಲಿಯುತ್ತಾನೆ. ಅಂತೆಯೇ ಪರನಾಡಿನಲ್ಲಿ ನಡೆಯುವವನು ಎಚ್ಚರದಿಂದಿರಬೇಕೆಂಬ ಪಾಠವೂ ಇದೆ. ೨೦೨೨ರ ಯುಗಾದಿಯ ಮುನ್ನ ಶ್ರೀಶೈಲದಲ್ಲಿ ಕನ್ನಡದ ಯಾತ್ರಿಕರಿಗೂ ಸ್ಥಳೀಯರಿಗೂ ನಡೆದ ಘರ್ಷಣೆ ನಮ್ಮ ಭಾಗದ ಮನೆಗಳನ್ನು ಎಷ್ಟು ಕಳವಳಕ್ಕೆ ಈಡುಮಾಡಿತೆಂಬುದು ಎಲ್ಲರ ನೆನಪಿನಲ್ಲಿದೆ. ಸಣ್ಣ ಮಾತು ಪರನಾಡಿನಲ್ಲಿ ದೊಡ್ಡ ಬೆಂಕಿಯಾಗಬಲ್ಲದು. ಇಬ್ಬರಲ್ಲಿ ಒಬ್ಬನಿಗೆ ಸಿಟ್ಟು ಬಂದಾಗ ಇನ್ನೊಬ್ಬನು ತಣ್ಣಗಿರಬೇಕು. ಜೊತೆಯ ದೊಡ್ಡ ಉಪಯೋಗವೇ ಇದು.

ಪರದೇಶಕ್ಕೆ ಜೊತೆಯಾಗಿ ಹೋಗಬಯಸುವವರು ಮೊದಲು ಒಂದು ವಾರವಾದರೂ ಇಂತಹ ನಡಿಗೆಯನ್ನು ಕೂಡಿ ಮಾಡಿ ನೋಡಲಿ ಎಂಬುದು ನಮ್ಮ ಸೂಚನೆ. ಹೊಂದಿಕೆಯಾಗದಿದ್ದರೆ ಬಸ್ ಹತ್ತಿ ಮನೆಗೆ ಬರಬಹುದು.

ಹೊರಡುವ ಮುನ್ನ

ನಿಯಮಗಳನ್ನು ಮನೆಯ ಹಿರಿಯರ ಎದುರಿನಲ್ಲಿ, ಎರಡೂ ಮನೆಯವರು ಕೂಡಿದಾಗ, ಒಂದು ಹಾಳೆಯ ಮೇಲೆ ಬರೆದುಕೊಳ್ಳುವುದು ಲೇಸು. ಗೆಳೆತನದಲ್ಲಿ ಬರಹವೇಕೆ ಎಂದು ಸಂಕೋಚಪಡಬೇಕಾಗಿಲ್ಲ.

ಮೊದಲನೆಯದು ಹಣ. ದಿನದ ಖರ್ಚಿನ ಮಿತಿಯನ್ನು ಮೊದಲೇ ಗೊತ್ತುಮಾಡಬೇಕು. ಇಬ್ಬರೂ ಸಮನಾಗಿ ಹಾಕಿದ ಒಂದು ಸಾಮಾನ್ಯ ಚೀಲದಿಂದ ವಸತಿ, ಊಟ, ಪ್ರಯಾಣಗಳ ವೆಚ್ಚ ನಡೆಯಲಿ. ಮಿಕ್ಕದ್ದು ಅವರವರ ಇಷ್ಟ. ರಾತ್ರಿ ಮಲಗುವ ಮುನ್ನ ಲೆಕ್ಕ ಬರೆಯಬೇಕು. ದುರ್ಬಲ ಸ್ಥಿತಿಯ ಗೆಳೆಯನ ಶಕ್ತಿಯೇ ಇಬ್ಬರ ಮಿತಿಯಾಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತಿನಲ್ಲಿ ಇಬ್ಬರು ಮಲಗುವ ಹಾಸಿಗೆಯೂ ಸೇರಿದೆ.

ಎರಡನೆಯದು ಕಾಗದಪತ್ರ. ಪಾಸ್‌ಪೋರ್ಟು, ತಿಕೀಟು, ವಿಮೆ ಮತ್ತು ಊರಿಗೆ ಮರಳುವಷ್ಟು ಹಣ ಅವರವರ ಮೈಮೇಲೆಯೇ ಇರಬೇಕು. ಒಬ್ಬನ ಚೀಲದಲ್ಲಿ ಇಬ್ಬರದೂ ಇರಕೂಡದು. ನೆರಳಚ್ಚು ಪ್ರತಿಗಳು ಗೆಳೆಯನ ಬಳಿಯೂ ಮನೆಯಲ್ಲಿಯೂ ಇರಲಿ. ನೇಪಾಳ, ಭೂತಾನಗಳಿಗೆ ಭಾರತೀಯರು ಮತದಾರರ ಗುರುತಿನ ಚೀಟಿಯನ್ನು ತೋರಿಸಿಯೂ ಹೋಗಬಹುದು. ಯುರೋಪಿನ ಷೆಂಗೆನ್ ದೇಶಗಳ ವೀಸಾಕ್ಕೆ ಕನಿಷ್ಠ ೩೦,೦೦೦ ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಕಳೆದರೆ ಅಲ್ಲಿಯ ಪೊಲೀಸರಲ್ಲಿ ದೂರು ಬರೆಯಿಸಿ ಭಾರತದ ರಾಯಭಾರಿ ಕಚೇರಿಗೆ ಹೋದರೆ, ವಿಚಾರಣೆ ನಡೆಸಿ, ತಾಯ್ನಾಡಿಗೆ ಮರಳಲು ತುರ್ತು ಪ್ರಮಾಣಪತ್ರ ಕೊಡುತ್ತಾರೆ.

ಮೂರನೆಯದು ಆಹಾರ. ತಾಯಂದಿರು ಕಟ್ಟಿಕೊಡುವ ಕಡಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳು ಬಹಳ ದಿನ ಬಾಳುತ್ತವೆ, ಬೆನ್ನಿಗೂ ಭಾರವಲ್ಲ. ಆದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಒಯ್ದ ಆಹಾರವನ್ನು ಗಡಿಯಲ್ಲಿ ಘೋಷಿಸದಿದ್ದರೆ ದಂಡ ತೆರಬೇಕಾಗುತ್ತದೆ. ನಮ್ಮ ಅಡುಗೆಮನೆಯ ನಿರಪಾಯದ ಗಸಗಸೆಯೂ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ನಿಷಿದ್ಧ ವಸ್ತು. ಅಲ್ಲಿಗೆ ಹೋಗುವವರ ಚೀಲದಲ್ಲಿ ಅದರ ಒಂದು ಕಾಳೂ ಇರದಂತೆ ನೋಡಿಕೊಳ್ಳಬೇಕು. ಸಸ್ಯಾಹಾರವೆಂದರೆ ಮೀನು ನಡೆಯುತ್ತದೆಯೆಂದು ತಿಳಿಯುವ ದೇಶಗಳಿವೆ. ಮಾಂಸ, ಮೀನು, ಮೊಟ್ಟೆ ಬೇಡವೆಂದು ಅಲ್ಲಿಯ ಭಾಷೆಯಲ್ಲಿ ಬರೆಯಿಸಿದ ಚೀಟಿಯೊಂದು ಜೇಬಿನಲ್ಲಿದ್ದರೆ ಅನುಕೂಲ. ಜೊತೆಗಾರನ ಆಹಾರಪದ್ಧತಿ ಬೇರೆಯಾಗಿದ್ದರೆ ಅದನ್ನೂ ಮೊದಲೇ ಮಾತನಾಡಿಕೊಳ್ಳಬೇಕು. ಒಬ್ಬನ ನಿಷ್ಠೆ ಇನ್ನೊಬ್ಬನಿಗೆ ಶಿಕ್ಷೆಯಾಗಬಾರದು. ಬೆಳ್ಳಿಯ ಕರಡಿಗೆ ಧರಿಸುವವರು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಗಲಿಬಿಲಿಗೊಳ್ಳದೆ ಅದು ತಮ್ಮ ಪೂಜಾವಸ್ತುವೆಂದು ಶಾಂತವಾಗಿ ತಿಳಿಸಬೇಕು.

ನಾಲ್ಕನೆಯದು ಹೊರೆ. ಚೀ‌ಲದ ಭಾರ ಹೊರುವವನ ತೂಕದ ಐದನೆಯ ಒಂದು ಭಾಗವನ್ನು ಮೀರದಿರಲಿ. ತನ್ನ ಹೊರೆಯನ್ನು ತಾನೇ ಹೊರಬೇಕು. ಬೇರೆಯವರು ಕೊಟ್ಟ ಪೊಟ್ಟಣವನ್ನು ಒಳಗೇನಿದೆಯೆಂದು ತಿಳಿಯದೆ ಎಂದಿಗೂ ಒಯ್ಯಬಾರದು. ಮಾದಕ ವಸ್ತುಗಳ ಸಾಗಾಟಕ್ಕೆ ಸಿಂಗಪುರದಂತಹ ದೇಶಗಳಲ್ಲಿ ಮರಣದಂಡನೆಯಿದೆ.

ಐದನೆಯದು ಅಗಲಿಕೆ. ದಿನಕ್ಕೆ ಕೆಲವು ತಾಸು, ವಾರಕ್ಕೆ ಒಂದು ದಿನ, ಇಬ್ಬರೂ ತಮ್ಮ ಪಾಡಿಗೆ ತಾವು ತಿರುಗುವುದು ಗೆಳೆತನಕ್ಕೆ ಹಿತ. ಮತ್ತೆ ಕೂಡುವ ಸ್ಥಳ ಮತ್ತು ಹೊತ್ತನ್ನು ಖಚಿತಪಡಿಸಿ ಹೋಗಬೇಕು. ಊರಿನಿಂದ ಅಶುಭ ವಾರ್ತೆ ಬಂದು ಒಬ್ಬನು ಮರಳಬೇಕಾದರೆ ಇನ್ನೊಬ್ಬನು ಏನು ಮಾಡಬೇಕೆಂಬುದನ್ನೂ ನಿರ್ಧರಿಸಿರಬೇಕು. ರೋಗ ಬಂದಾಗ ಮಾತ್ರ ಅಗಲುವಂತಿಲ್ಲ. ಈ ಒಂದು ನಿಯಮಕ್ಕೆ ವಿನಾಯಿತಿ ಇರಕೂಡದು. ಹೆಣ್ಣುಮಕ್ಕಳು ಅಪರಿಚಿತ ಊರನ್ನು ರಾತ್ರಿ ಹೊತ್ತು ತಲುಪದಂತೆ ಪ್ರಯಾಣವನ್ನು ಹೊಂದಿಸಿಕೊಳ್ಳಬೇಕು. ಗಂಡುಮಕ್ಕಳಿಗೂ ಇದು ತಪ್ಪಲ್ಲ.

ಸುಖದ ಲೆಕ್ಕ

ಇಷ್ಟೆಲ್ಲ ಕಷ್ಟಗಳನ್ನು ಎಣಿಸಿದ ಮೇಲೆ, ಮನೆಯಲ್ಲಿರುವುದೇ ಮೇಲು ಎಂದು ಓದುಗ ಬಂಧುಗಳಿಗೆ ಅನಿಸಬಹುದು. ಆದರೆ ಈ ಪಯಣದ ಸುಖಗಳು ಬೇರೆಡೆಯಲ್ಲಿ ಸಿಗುವಂಥವಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದ ಲೇಖಕಿ ನೇಮಿಚಂದ್ರರು ಗೆಳತಿಯೊಡನೆ ದಕ್ಷಿಣ ಅಮೆರಿಕದ ಪೆರು ದೇಶವನ್ನು ಸುತ್ತಿ ಬಂದು 'ಪೆರುವಿನ ಪವಿತ್ರ ಕಣಿವೆಯಲ್ಲಿ' ಎಂಬ ಪ್ರವಾಸಕಥನ ಬರೆದರು. ಅದನ್ನು ಓದಿದ ಕನ್ನಡದ ಎಷ್ಟೋ ಹೆಣ್ಣುಮಕ್ಕಳಿಗೆ, ನೌಕರಿ-ಸಂಸಾರಗಳ ನಡುವೆಯೂ ಹೀಗೊಂದು ಪಯಣ ಸಾಧ್ಯವೆಂಬ ಧೈರ್ಯ ಬಂದಿದೆ.

ಬಡ ಪಯಣಿಗರಿಗೆ ಸೂರು ಕೊಡುವ ವಿಚಾರವೂ ಉದಾತ್ತವಾದುದೇ. ಜರ್ಮನಿಯ ಶಾಲಾಮಾಸ್ತರ ರಿಚರ್ಡ್ ಷಿರ್ಮನ್ನರು ಮಕ್ಕಳನ್ನು ಕಾಲುನಡಿಗೆಯ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದವರು, ರಾತ್ರಿ ತಂಗಲು ಅಗ್ಗದ ನೆಲೆಯಿಲ್ಲದುದನ್ನು ಕಂಡು ೧೯೧೨ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಯುವಜನರ ಹಾಸ್ಟೆಲ್ಲನ್ನು ತೆರೆದರು. ಇಂದು ಲೋಕದ ತುಂಬ ಹಬ್ಬಿರುವ ಇಂತಹ ವಸತಿಗಳಲ್ಲಿ ಒಂದೇ ಕೋಣೆಯಲ್ಲಿ ಎಂಟು-ಹತ್ತು ಮಂಚಗಳು, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಉಪ್ಪಿಟ್ಟು ಮಾಡಿ, ಪಕ್ಕದ ಒಲೆಯವನಿಗೊಂದು ತಟ್ಟೆ ಕೊಟ್ಟರೆ ಮಾತು ಬೆಳೆಯುತ್ತದೆ. ಮಠದ ಪ್ರಸಾದನಿಲಯಗಳಲ್ಲಿ ಓದಿ ಬಂದ ನಮ್ಮ ಭಾಗದ ತರುಣರಿಗೆ ಈ ಬಾಳು ಹೊಸದೆನಿಸಲಾರದು.

ಮನೆಯಲ್ಲಿ ಕುಡಿದ ಲೋಟವನ್ನೂ ತೊಳೆಯದ ಮಗ ಪರದೇಶದಲ್ಲಿ ತನ್ನ ಬಟ್ಟೆಯನ್ನು ತಾನೇ ಒಗೆಯುತ್ತಾನೆ, ಗೆಳೆಯನಿಗೆ ಜ್ವರ ಬಂದರೆ ಗಂಜಿ ಕಾಸುತ್ತಾನೆ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಮುಂದೆ ನಿಂತಾಗ, ಕೃಷ್ಣೆಯ ಸೀಮೆಯವನೊಬ್ಬನಿಗೆ ತನ್ನ ಊರು ಎಷ್ಟು ದೂರದಲ್ಲಿದೆ, ಎಷ್ಟು ಹತ್ತಿರದಲ್ಲಿದೆ ಎಂಬುದು ಒಟ್ಟಿಗೇ ತಿಳಿಯುತ್ತದೆ. ಆ ಕ್ಷಣದಲ್ಲಿ ಪಕ್ಕದಲ್ಲಿ ಕನ್ನಡ ಬಲ್ಲ ಗೆಳೆಯನೊಬ್ಬನಿರುವುದು ಸಣ್ಣ ಸುಖವಲ್ಲ. ಇಬ್ಬರು ಕೂಡಿ ಕಂಡದ್ದನ್ನು ಒಬ್ಬನು ಮರೆತರೂ ಇನ್ನೊಬ್ಬನು ನೆನಪಿಡುತ್ತಾನೆ.

ಪಯಣದಿಂದ ಮರಳಿದ ಮೇಲೆ ಕೆಲವು ಜೋಡಿಗಳು ಮಾತು ಬಿಡುತ್ತವೆ, ಕೆಲವು ಜೋಡಿಗಳು ಒಡಹುಟ್ಟಿದವರಿಗಿಂತ ಹತ್ತಿರವಾಗುತ್ತವೆ. ವ್ಯತ್ಯಾಸವಾಗುವುದು ಹೋದ ದೇಶದಿಂದಲ್ಲ, ಹೊರಡುವ ಮೊದಲು ಮಾಡಿಕೊಂಡ ಹೊಂದಾಣಿಕೆಯಿಂದ. ಬನಹಟ್ಟಿಯ ನೇಕಾರನಿಗೆ ಗೊತ್ತು, ಹಾಸು ಸರಿಯಾಗಿದ್ದರೆ ಹೊಕ್ಕು ತಾನಾಗಿ ಕೂಡುತ್ತದೆ. ಹಾಸಿನಲ್ಲಿ ಎಳೆ ಸಡಿಲವಿದ್ದರೆ ಎಷ್ಟು ಜಾಣ್ಮೆಯಿಂದ ಲಾಳಿ ಓಡಿಸಿದರೂ ಸೀರೆ ನೆಟ್ಟಗೆ ಬರುವುದಿಲ್ಲ. ಆದುದರಿಂದ ತಂದೆತಾಯಿಗಳು ಮಕ್ಕಳ ಬೇಡಿಕೆಯನ್ನು ಕೇಳಿದೊಡನೆ ಬೇಡವೆನ್ನದೆ, ಆ ಗೆಳೆಯನನ್ನು ಅಥವಾ ಗೆಳತಿಯನ್ನು ಮನೆಗೆ ಊಟಕ್ಕೆ ಕರೆಯಲಿ. ಎರಡು ದಿನ ಇರಿಸಿಕೊಳ್ಳಲಿ. ಉಣ್ಣುವ, ಏಳುವ, ಮಾತನಾಡುವ, ಸಿಟ್ಟಾಗುವ ರೀತಿಯನ್ನು ನೋಡಲಿ. ಜೋಡಿ ಹೊಂದುವುದೆಂದು ಕಂಡರೆ ಅಪ್ಪಣೆ ಕೊಟ್ಟು, ಬುತ್ತಿ ಕಟ್ಟಿ, ಹರಸಿ ಕಳಿಸಲಿ.